ಗಾಳಿಗೊಂದು ಸಾಕ್ಷಿ

ಕಣ್ಣಿಗೆ ಕಾಣದ ವಸ್ತುವನ್ನು ಉಂಟೆಂದು ಹೇಳುವವನು ಅದಕ್ಕೆ ಪ್ರಮಾಣವನ್ನು ತೋರಿಸಬೇಕೆಂಬುದು ನಮ್ಮ ಶಾಸ್ತ್ರಕಾರರ ಹಳೆಯ ನಿರ್ಬಂಧ. ದೇವರು, ಆತ್ಮ, ಪರಲೋಕ ಇವುಗಳ ವಿಷಯದಲ್ಲಿ ನಾವು ಈ ನಿರ್ಬಂಧವನ್ನು ಬಹು ಕಟ್ಟುನಿಟ್ಟಾಗಿ ಹಿಡಿದು ವಾದಮಾಡುತ್ತೇವೆ. ಆದರೆ ನಿಮಿಷಕ್ಕೆ ಹದಿನೈದು ಸಲ ಒಳಕ್ಕೆಳೆದುಕೊಳ್ಳುವ ಗಾಳಿಯ ವಿಷಯದಲ್ಲಿ ಮಾತ್ರ ಯಾವ ಪ್ರಮಾಣವನ್ನೂ ಕೇಳದೆ ನಂಬಿಬಿಡುತ್ತೇವೆ. ಈ ನಂಬಿಕೆ ಬಹುಮಟ್ಟಿಗೆ ಸರಿಯಾದುದೇ. ಅದು ಸುಳ್ಳಾದ ದಿನ, ಸುಳ್ಳಾಯಿತೆಂದು ಹೇಳುವುದಕ್ಕೆ ನಂಬಿದವನೇ ಉಳಿದಿರುವುದಿಲ್ಲವೆಂಬುದೊಂದೇ ಅದರಲ್ಲಿರುವ ದೋಷ. ಆದಕಾರಣ ಗಾಳಿಗೆ ಒಬ್ಬ ಸಾಕ್ಷಿಯನ್ನು ಹುಡುಕುವ ಕೆಲಸವು ಬಹುಕಾಲದಿಂದ ನಡೆದುಬಂದಿದೆ. ಈಗಿನ ವಿದ್ವಾಂಸರು ಆ ಸಾಕ್ಷಿಯನ್ನು ಕೂದಲೆಳೆಗಿಂತ ಸಾವಿರ ಪಟ್ಟು ಸಣ್ಣದಾದ ಒಂದು ತಂತಿಯಲ್ಲಿ ಹುಡುಕುತ್ತಿದ್ದಾರೆ. ಅದರ ಬಗ್ಗೆ ನನಗೆ ತಿಳಿದಷ್ಟನ್ನು ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ನಮ್ಮ ವಿರೂಪಾಕ್ಷಿಪುರದ ಕಡೆಯ ಹಳೆಯ ಮನೆತನದವರಿಗೆ ಹಗೇವೆಂದರೇನೆಂದು ವಿವರಿಸಬೇಕಾದುದಿಲ್ಲ. ಪಟ್ಟಣದಲ್ಲಿಯೇ ಹುಟ್ಟಿ ಬೆಳೆದವರಿಗಾಗಿ ಎರಡು ಮಾತು ಹೇಳುತ್ತೇನೆ. ನೆಲವನ್ನು ಆಳವಾಗಿ ಅಗೆದು, ಒಳಗೆ ಹೊಟ್ಟೆಯಂತೆ ಅಗಲಿಸಿ, ಬಾಯನ್ನು ಮಾತ್ರ ಒಬ್ಬನು ಇಳಿಯುವಷ್ಟು ಕಿರಿದಾಗಿ ಬಿಟ್ಟು, ಅದರಲ್ಲಿ ರಾಗಿಯನ್ನು ತುಂಬಿ, ಕಲ್ಲುಚಪ್ಪಡಿಯನ್ನು ಮುಚ್ಚಿ ಮಣ್ಣು ಮೆತ್ತಿದರೆ ಅದು ಹಗೇವು. ಅಲ್ಲಿ ರಾಗಿಯು ವರ್ಷಗಟ್ಟಲೆ ಹುಳು ಬೀಳದೆ ಇರುತ್ತಿತ್ತು. ಇದಕ್ಕೆ ಕಾರಣ ಸುಲಭ. ಕಾಳು ಕೂಡ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗಿನ ಆಮ್ಲಜನಕವನ್ನೆಲ್ಲ ಅದು ಮೆಲ್ಲಮೆಲ್ಲನೆ ತೀರಿಸಿ, ಅದರ ಸ್ಥಾನದಲ್ಲಿ ಇಂಗಾಲದ ಡೈಆಕ್ಸೈಡನ್ನು ತುಂಬಿಬಿಡುತ್ತದೆ. ಆ ಗಾಳಿಯಲ್ಲಿ ಹುಳುವು ಬದುಕಲಾರದು, ಮನುಷ್ಯನೂ ಬದುಕಲಾರನು. ಆದ್ದರಿಂದ ಹಗೇವಿನ ಬಾಯಿ ತೆಗೆದವರು ಕೂಡಲೆ ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಬಾಯನ್ನು ತೆರೆದು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪವನ್ನು ಕಟ್ಟಿ ಇಳಿಬಿಡುತ್ತಿದ್ದರು. ದೀಪವು ಉರಿಯುತ್ತಿದ್ದರೆ ಮನುಷ್ಯನು ಇಳಿಯಬಹುದು, ನಂದಿದರೆ ಕೂಡದು. ಓದುಬರಹ ಬಾರದ ಒಕ್ಕಲಿಗನು ತನ್ನ ಅನುಭವದಿಂದಲೇ ಕಂಡುಕೊಂಡ ಅನಿಲಪರೀಕ್ಷೆ ಇದು.

ತರ್ಕಶಾಸ್ತ್ರವನ್ನು ಓದಿದವರಿಗೆ ಇದರಲ್ಲಿ ಒಂದು ಸ್ವಾರಸ್ಯ ಕಾಣುತ್ತದೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ಪಾಠಶಾಲೆಯಲ್ಲಿ ನಾವು ಕಲಿತ ಮೊದಲನೆಯ ಅನುಮಾನ. ಹಗೇವಿನ ಬಾಯಲ್ಲಿ ಕುಳಿತವನು ಬೆಂಕಿಯನ್ನು ಕಂಡು ಗಾಳಿಯನ್ನು ಊಹಿಸುತ್ತಾನೆ. ಕಾಣುವುದು ಹೇತು; ಕಾಣದುದು ಸಾಧ್ಯ; ಇವೆರಡಕ್ಕೂ ಎಂದಿಗೂ ಬಿಡದ ಸಂಬಂಧವೊಂದಿರಬೇಕು. ಆ ಸಂಬಂಧಕ್ಕೆ ವ್ಯಾಪ್ತಿಯೆಂದು ಹೆಸರು. ವ್ಯಾಪ್ತಿಯು ಎಷ್ಟು ಗಟ್ಟಿಯೋ ಅನುಮಾನವೂ ಅಷ್ಟೇ ಗಟ್ಟಿ. ದೀಪದ ವ್ಯಾಪ್ತಿಯು ಅಷ್ಟೇನೂ ಗಟ್ಟಿಯಾದುದಲ್ಲ. ಆಮ್ಲಜನಕವು ಕಡಮೆಯಾಗಿರುವುದನ್ನು ದೀಪ ಹೇಳುತ್ತದೆ. ಆದರೆ ಆಮ್ಲಜನಕವೂ ಇದ್ದು ಅದರೊಡನೆ ವಿಷವೂ ಬೆರೆತಿದ್ದರೆ ಅದು ನಿಶ್ಚಿಂತೆಯಾಗಿ ಉರಿಯುತ್ತಲೇ ಇರುತ್ತದೆ. ಸಗಣಿಯ ಅನಿಲ ತುಂಬಿದ ಗುಂಡಿಗೆ ದೀಪವನ್ನಿಳಿಸಿದರಂತೂ ಸಾಕ್ಷಿಯೇ ಕೊಲೆಗಾರನಾಗುತ್ತದೆ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಹೀಗಾಗಿ ನೂರಾರು ಜನ ಸತ್ತ ಬಳಿಕವೇ, 1815ರಲ್ಲಿ ಹಂಫ್ರಿ ಡೇವಿಯೆಂಬ ರಸಾಯನಶಾಸ್ತ್ರಜ್ಞನು ಜ್ವಾಲೆಯ ಸುತ್ತ ತಂತಿಯ ಜಾಲರಿಯನ್ನು ಹೊದಿಸಿದ ದೀಪವನ್ನು ಮಾಡಿದನು. ಮುಂದೆ ಆ ಗಣಿಗಳಿಗೆ ಕ್ಯಾನರಿಯೆಂಬ ಪುಟ್ಟ ಹಕ್ಕಿಯನ್ನು ಪಂಜರದಲ್ಲಿಟ್ಟು ಕೊಂಡೊಯ್ಯುವ ಪದ್ಧತಿ ಬಂದಿತು. ಮನುಷ್ಯನಿಗಿಂತ ಮೊದಲು ಹಕ್ಕಿ ಬೀಳುತ್ತದೆ. ಅದನ್ನು ಕಂಡು ಮನುಷ್ಯನು ಓಡಬೇಕು. ಬ್ರಿಟನ್ನಿನ ಗಣಿಗಳಿಂದ ಆ ಹಕ್ಕಿಗಳಿಗೆ ಬಿಡುಗಡೆಯಾದುದು 1986ರಲ್ಲಿ ಎಂದರೆ, ಒಳ್ಳೆಯ ಸಾಕ್ಷಿಗಾಗಿ ಲೋಕವು ಎಷ್ಟು ಕಾಲ ಕಾಯಬೇಕಾಯಿತೆಂಬುದು ತಿಳಿಯುತ್ತದೆ.

ನಮಗೆ ದೇವರು ಕೊಟ್ಟ ಮೂಗಿಲ್ಲವೇ ಎಂದು ಕೆಲವರು ಕೇಳಬಹುದು. ನಮ್ಮ ತಾರ್ಕಿಕರು ಗಂಧವೆಂಬ ಗುಣವನ್ನು ಪೃಥಿವಿಗೆ ಮಾತ್ರ ಕೊಟ್ಟು, ವಾಯುವಿಗೆ ಸ್ಪರ್ಶವನ್ನಷ್ಟೇ ಉಳಿಸಿದ್ದಾರೆ. ಗಾಳಿಯಲ್ಲಿ ಮಲ್ಲಿಗೆಯ ವಾಸನೆ ಬಂದರೆ ಅದು ಗಾಳಿಯದಲ್ಲ, ಗಾಳಿಯು ಹೊತ್ತು ತಂದ ಹೂವಿನ ಕಣಗಳದು ಎಂಬುದು ಅವರ ಮತ. ಪಂಚಭೂತಗಳ ಈ ವಿಭಾಗವನ್ನು ಈಗಿನ ರಸಾಯನಶಾಸ್ತ್ರವು ಒಪ್ಪುವುದಿಲ್ಲವೆಂಬುದು ನಿಜ. ಅನಿಲಗಳಲ್ಲಿಯೇ ನಾರುವವೂ ಉಂಟು, ನಾರದವೂ ಉಂಟು. ಆದರೆ ಮೂಗನ್ನು ನಂಬಿ ಗಾಳಿಯನ್ನು ತಿಳಿಯಲಾಗದೆಂಬ ಅವರ ಎಚ್ಚರವು ಮಾತ್ರ ಇಂದಿಗೂ ಸಲ್ಲುತ್ತದೆ.

ಇದಕ್ಕೆ ದೂರ ಹೋಗಬೇಕಾದುದಿಲ್ಲ. ಚನ್ನಪಟ್ಟಣ, ರಾಮನಗರಗಳ ಸುತ್ತಿನ ಹಳ್ಳಿಗಳಲ್ಲಿ ಹಿಪ್ಪುನೇರಳೆಯನ್ನು ಬೆಳೆದು ರೇಷ್ಮೆಹುಳುವನ್ನು ಸಾಕುವ ಮನೆಗಳು ಅಸಂಖ್ಯಾತವಾಗಿವೆ. ಚಳಿಗಾಲದಲ್ಲಿ ಮರಿಹುಳುಗಳಿಗೆ ಬೆಚ್ಚಗಿರಲೆಂದು ಇದ್ದಲ ಕೆಂಡವನ್ನು ಅಗ್ಗಿಷ್ಟಿಕೆಯಲ್ಲಿಟ್ಟು ಬಾಗಿಲು ಹಾಕುವುದುಂಟು. ಆ ಕೆಂಡದಲ್ಲಿ ಹೊಗೆಯಿಲ್ಲ, ವಾಸನೆಯಿಲ್ಲ. ಆದರೆ ಇಂಗಾಲದ ಮಾನಾಕ್ಸೈಡೆಂಬ ಅನಿಲವಿದೆ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕೆಂಪು ದ್ರವ್ಯವು ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಹೆಚ್ಚಾಗಿ ಅಪ್ಪಿಕೊಳ್ಳುತ್ತದೆ. ಅಂತಹ ಕೋಣೆಯಲ್ಲಿ ಮಲಗಿದವನಿಗೆ ಮೊದಲು ತಲೆನೋವು, ಆಮೇಲೆ ಮಂಪರು. ಮುಂದಕ್ಕೆ ಏನೂ ಇಲ್ಲ. ಮೂಗಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಇನ್ನು ಕೆಲವು ಅನಿಲಗಳಲ್ಲಿ ಮೂಗು ಮೊದಲು ತಿಳಿದು ಬಳಿಕ ಮರೆಯುತ್ತದೆ. ಒಳಚರಂಡಿಗಳಲ್ಲಿ ಹುಟ್ಟುವ ಜಲಜನಕದ ಸಲ್ಫೈಡು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಒಂದು ಭಾಗಕ್ಕಿಂತ ಕಡಮೆಯಿದ್ದರೂ ಮೂಗಿಗೆ ತಿಳಿಯುತ್ತದೆ. ಆದರೆ ಅದು ಸುಮಾರು 100 ಭಾಗಕ್ಕೇರಿದರೆ ಕೆಲವೇ ನಿಮಿಷಗಳಲ್ಲಿ ಘ್ರಾಣಶಕ್ತಿಯೇ ಮರಗಟ್ಟಿಹೋಗುತ್ತದೆ. ವಾಸನೆ ಹೋಯಿತೆಂದು ಮನುಷ್ಯನು ಧೈರ್ಯಗೊಳ್ಳುವ ಸಮಯವೂ ಮೃತ್ಯುವು ಹತ್ತಿರ ಬರುವ ಸಮಯವೂ ಒಂದೇ ಆಗುತ್ತದೆ. ಮೊದಲು ಸತ್ಯವನ್ನು ಹೇಳಿ, ಆಪತ್ತು ಹೆಚ್ಚಿದಾಗ ಮೌನ ತಾಳುವ ಸಾಕ್ಷಿಗಿಂತ ಕೆಟ್ಟ ಸಾಕ್ಷಿಯುಂಟೆ?

ಉಪಾಧ್ಯಾಯ ವೃತ್ತಿಯಲ್ಲಿ ಆಯುಷ್ಯವನ್ನು ಕಳೆದ ನನ್ನಂಥವನು ಒಂದು ವೃತ್ತಾಂತವನ್ನು ಹೇಳದೆ ಮುಂದೆ ಹೋಗಲಾರನು. ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ನ್ಯೂ ಲಂಡನ್ ಎಂಬ ಊರಿನ ಪಾಠಶಾಲೆಯನ್ನು ಭೂಮಿಯಿಂದ ಬರುವ ಸಹಜ ಅನಿಲದಿಂದ ಬೆಚ್ಚಗಿಡುತ್ತಿದ್ದರು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಸೋರಿ ಕಟ್ಟಡದ ನೆಲದಡಿಯಲ್ಲಿ ತುಂಬಿಕೊಂಡಿತು. 1937ನೆಯ ಮಾರ್ಚ್ 18ರಂದು ಒಂದು ವಿದ್ಯುತ್ ಕಿಡಿ ಸೋಕಿ ಶಾಲೆಯೇ ಸಿಡಿಯಿತು. ಸುಮಾರು 300 ಮಂದಿ, ಬಹುಪಾಲು ಮಕ್ಕಳು, ಪ್ರಾಣಬಿಟ್ಟರು. ಅದಾದ ಮೇಲೆ ಆ ಸರ್ಕಾರವು ಅನಿಲಕ್ಕೆ ದುರ್ಗಂಧವನ್ನು ಬೆರೆಸತಕ್ಕದ್ದೆಂದು ಶಾಸನ ಮಾಡಿತು. ಇಂದು ನಮ್ಮ ಅಡುಗೆಮನೆಯ ಸಿಲಿಂಡರು ಸೋರಿದರೆ ಬರುವ ನಾತವೂ ಹೀಗೆಯೇ ಬೇಕೆಂದು ಬೆರೆಸಿದ್ದು. ಮೂಗಿಗೆ ತಿಳಿಯದುದನ್ನು ಮೂಗಿನ ಭಾಷೆಗೆ ಪರಿವರ್ತಿಸಿ ಹೇಳುವ ಉಪಾಯವದು. ಆದರೂ ಮನೆಯವರು ನಿದ್ರಿಸುತ್ತಿದ್ದರೆ, ನೆಗಡಿಯಾಗಿದ್ದರೆ, ಆ ಭಾಷೆಯನ್ನು ಕೇಳುವವರು ಯಾರು? ನಿದ್ರಿಸದ, ಮರೆಯದ, ಮರಗಟ್ಟದ ಮೂಗೊಂದು ಬೇಕಾಗಿತ್ತು.

ಅಂತಹ ಮೂಗಿನ ಬೀಜವು ಒಂದು ಸಣ್ಣ ಸಂಗತಿಯಲ್ಲಿ ಅಡಗಿತ್ತು. ತಾಮ್ರದಂತೆ ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡದೆ, ಗಾಜಿನಂತೆ ಪೂರ್ತಿಯಾಗಿ ತಡೆಯದೆ, ನಡುವೆ ನಿಲ್ಲುವ ಪದಾರ್ಥಗಳಿಗೆ ಅರೆವಾಹಕಗಳೆಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಶಾಲೆಯ ಬ್ರಾಟೇನ್ ಮತ್ತು ಬಾರ್ಡೀನ್ ಎಂಬವರು 1953ರಲ್ಲಿ, ಜರ್ಮೇನಿಯಮ್ಮೆಂಬ ಅರೆವಾಹಕದ ಮೇಲ್ಮೈಯ ವಿದ್ಯುದ್ಗುಣವು ಅದರ ಸುತ್ತಲಿನ ಅನಿಲವನ್ನು ಬದಲಾಯಿಸಿದರೆ ತಾನೂ ಬದಲಾಗುತ್ತದೆಂದು ತೋರಿಸಿದರು. ಜಪಾನಿನ ನವೋಯೋಶಿ ತಗುಚಿಯು 1962ರಲ್ಲಿ ತವರದ ಆಕ್ಸೈಡಿನಿಂದ ಅನಿಲವನ್ನು ಗುರುತಿಸುವ ಸಂವೇದಕಕ್ಕೆ ಹಕ್ಕುಪತ್ರವನ್ನು ಕೋರಿದನು. 1969ರಲ್ಲಿ ಅದನ್ನು ತಯಾರಿಸುವ ಸಂಸ್ಥೆಯೂ ಹುಟ್ಟಿತು. ಮನೆಗಳಲ್ಲಿ ಅಡುಗೆಯ ಅನಿಲ ಸೋರಿದರೆ ಕೂಗಿ ಎಬ್ಬಿಸುವ ಪೆಟ್ಟಿಗೆಗಳು ಅಲ್ಲಿಂದ ಬಳಕೆಗೆ ಬಂದವು.

ಅದು ಕೆಲಸಮಾಡುವ ರೀತಿಯನ್ನು ಹೇಳುತ್ತೇನೆ. ಬಿಸಿಮಾಡಿದ ತವರದ ಆಕ್ಸೈಡಿನ ಮೈಮೇಲೆ ಗಾಳಿಯ ಆಮ್ಲಜನಕವು ಬಂದು ಕುಳಿತು, ಒಳಗೆ ಓಡಾಡುತ್ತಿರುವ ಎಲೆಕ್ಟ್ರಾನುಗಳನ್ನು ಸೆಳೆದು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ವಿದ್ಯುತ್ತನ್ನು ಹೊರುವವರೇ ಕಡಮೆಯಾದುದರಿಂದ ಪ್ರವಾಹಕ್ಕೆ ತಡೆ ಹೆಚ್ಚುತ್ತದೆ. ಆಗ ಇಂಗಾಲದ ಮಾನಾಕ್ಸೈಡಿನಂತಹ ಅನಿಲ ಬಂದರೆ, ಅದು ಹಾಗೆ ಕುಳಿತಿದ್ದ ಆಮ್ಲಜನಕದೊಡನೆ ಕೂಡಿ ಅದನ್ನು ಎಬ್ಬಿಸಿಕೊಂಡು ಹೋಗುತ್ತದೆ, ಅಡವಿಟ್ಟ ಎಲೆಕ್ಟ್ರಾನುಗಳು ಮನೆಗೆ ಹಿಂದಿರುಗುತ್ತವೆ, ತಡೆ ಇಳಿಯುತ್ತದೆ. ನೈಟ್ರೊಜನ್ ಡೈಆಕ್ಸೈಡಿನಂತಹ ಅನಿಲವಾದರೆ ತಾನೇ ಎಲೆಕ್ಟ್ರಾನನ್ನು ಕಸಿದು ತಡೆಯನ್ನು ಇನ್ನಷ್ಟು ಏರಿಸುತ್ತದೆ. ತಡೆಯ ಈ ಏರಿಳಿತವನ್ನು ಅಳೆದರೆ ಗಾಳಿಯ ಸಮಾಚಾರವು ಸಂಖ್ಯೆಯಾಗಿ ಕೈಗೆ ಬರುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ವ್ಯಾಪಾರವೆಲ್ಲ ನಡೆಯುವುದು ಮೈಮೇಲೆ ಮಾತ್ರ. ಮೈಯಿಂದ ಕೆಲವೇ ನ್ಯಾನೋಮೀಟರು, ಹೆಚ್ಚೆಂದರೆ ಕೆಲವು ಹತ್ತು ನ್ಯಾನೋಮೀಟರು ಆಳದವರೆಗೆ ಅದರ ಪ್ರಭಾವ. ಅದಕ್ಕೂ ಒಳಗಿನ ದ್ರವ್ಯಕ್ಕೆ ಹೊರಗೆ ಏನಾಯಿತೆಂಬುದೇ ತಿಳಿಯದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ನ್ಯಾನೋ ಎಂಬುದಕ್ಕೆ ಗ್ರೀಕ್ ಭಾಷೆಯ ಮೂಲದಲ್ಲಿ ಕುಳ್ಳನೆಂದರ್ಥ, ನಾವು ವಾಮನನೆನ್ನಬಹುದು. ಬಲಿಯ ಮುಂದೆ ನಿಂತ ವಾಮನನಂತೆ ಇಲ್ಲಿಯೂ ಕುಳ್ಳತನವೇ ಬಲ. ಒಂದು ಹಿಟ್ಟಿನ ಮುದ್ದೆಯನ್ನು ತೆಗೆದುಕೊಳ್ಳಿ. ಅದಕ್ಕೆ ಗಾಳಿ ತಗಲುವುದು ಹೊರಮೈಗೆ ಮಾತ್ರ. ಅದನ್ನೇ ಶಾವಿಗೆಯ ಒರಳಿಗೆ ಹಾಕಿ ಒತ್ತಿದರೆ ಹಿಟ್ಟು ಅಷ್ಟೇ, ಮೈ ಮಾತ್ರ ಎಷ್ಟೋ ಪಟ್ಟು. ಒಂದು ಮಿಲಿಮೀಟರು ದಪ್ಪದ ತಂತಿಯನ್ನು ಅಷ್ಟೇ ದ್ರವ್ಯದಿಂದ 50 ನ್ಯಾನೋಮೀಟರು ದಪ್ಪಕ್ಕೆ ತೆಳುಮಾಡಿದರೆ ಅದರ ಮೈಯು 20,000 ಪಟ್ಟಾಗುತ್ತದೆ. ಅಷ್ಟು ಸಣ್ಣ ತಂತಿಯಲ್ಲಿ ಒಳಗು ಎಂಬುದೇ ಬಹುಮಟ್ಟಿಗೆ ಉಳಿಯದು; ಹೊರಗೆ ಅನಿಲದ ಒಂದೆರಡು ಕಣ ತಗಲಿದರೂ ಇಡೀ ತಂತಿಗೆ ಸುದ್ದಿ ಹೋಗುತ್ತದೆ. ನಮ್ಮ ಊರಿನವರು ಎಳೆಯೆಂದರೆ ರೇಷ್ಮೆಯ ಎಳೆಯನ್ನೇ ನೆನೆಯುವರಷ್ಟೆ. ರೇಷ್ಮೆಹುಳುವು ಉಗುಳುವ ಒಂಟಿ ಎಳೆಯ ದಪ್ಪವು ಸುಮಾರು 10,000 ನ್ಯಾನೋಮೀಟರು. ಅದರ ಅಡ್ಡಳತೆಯಲ್ಲಿ ಈ ತಂತಿಗಳನ್ನು ಸಾಲಾಗಿ ಇಟ್ಟರೆ 200 ಹಿಡಿಸುತ್ತವೆ!

ಸೂಕ್ಷ್ಮತೆಯೊಂದೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸೂಕ್ಷ್ಮಬುದ್ಧಿಯ ಮನುಷ್ಯರನ್ನು ಲೋಕದಲ್ಲಿ ಬೇಕಾದಷ್ಟು ಕಾಣುತ್ತೇವೆ, ಸ್ಥಿರಬುದ್ಧಿಯವರು ಅಪರೂಪ. ಹಳೆಯ ಬಗೆಯ ಸಂವೇದಕದಲ್ಲಿ ತವರದ ಆಕ್ಸೈಡಿನ ಸಣ್ಣ ಸಣ್ಣ ಹರಳುಗಳನ್ನು ಪುಡಿಯಾಗಿ ಪದರಗಟ್ಟಿರುತ್ತಾರೆ. ವಿದ್ಯುತ್ತು ಹರಳಿನಿಂದ ಹರಳಿಗೆ ದಾಟಿಕೊಂಡು ಹೋಗಬೇಕು. ಕೆಲಸಮಾಡಲು ಅದನ್ನು ಇನ್ನೂರು, ಮುನ್ನೂರು ಡಿಗ್ರಿಗಳ ಶಾಖದಲ್ಲಿ ಹಗಲಿರುಳು ಇಟ್ಟಿರಬೇಕಾಗುತ್ತದೆ. ಆ ಶಾಖದಲ್ಲಿ ತಿಂಗಳುಗಟ್ಟಲೆ ಕಾದ ಹರಳುಗಳು ಒಂದರೊಡನೊಂದು ಮೆತ್ತಿಕೊಂಡು ದಪ್ಪವಾಗುತ್ತವೆ, ಸೇರುವೆಗಳು ಬದಲಾಗುತ್ತವೆ. ಅದೇ ಅನಿಲಕ್ಕೆ ಹೋದ ವರ್ಷ ಕೊಟ್ಟ ಉತ್ತರ ಬೇರೆ, ಈ ವರ್ಷದ ಉತ್ತರ ಬೇರೆ. ನ್ಯಾನೋತಂತಿಯಾದರೋ ಆದ್ಯಂತವಾಗಿ ಒಂದೇ ಹರಳು. ಅದರ ಉದ್ದಕ್ಕೂ ಪರಮಾಣುಗಳು ಕ್ರಮ ತಪ್ಪದೆ ನಿಂತಿವೆ. ನಡುವೆ ಮೆತ್ತಿಕೊಳ್ಳುವುದಕ್ಕೆ ಸೇರುವೆಯೇ ಇಲ್ಲ. ಆದ್ದರಿಂದ ಶಾಖವನ್ನು ತಾಳಿ, ಬಹುಕಾಲ ಒಂದೇ ರೀತಿಯಲ್ಲಿ ನಡೆಯುವ ಯೋಗ್ಯತೆ ಅದಕ್ಕಿದೆ. ಸೂಕ್ಷ್ಮತೆಯೂ ಸ್ಥೈರ್ಯವೂ ಒಂದೆಡೆ ಕೂಡಿಬರುವ ಈ ಆಸೆಯಿಂದಲೇ ವಿದ್ವಾಂಸರು ಅದರ ಬೆನ್ನು ಹತ್ತಿರುವುದು.

ಈ ಕೆಲಸದಲ್ಲಿ ನಮ್ಮ ನಾಡಿನ ಪಾಲೂ ಉಂಟೆಂಬುದು ಸಂತೋಷದ ವಿಷಯ. ವಿರೂಪಾಕ್ಷಿಪುರದಿಂದ ಒಂದು ಹಗಲಿನೊಳಗೆ ಹೋಗಿಬರಬಹುದಾದ ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವಿದೆ. ಬೆಂಗಳೂರಿನಲ್ಲೇ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದ ಪದವಿಯನ್ನು 1951ರಲ್ಲಿ ಪಡೆದು, ಮುಂದೆ ಭಾರತರತ್ನ ಪ್ರಶಸ್ತಿಗೂ ಪಾತ್ರರಾದ ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರು 1989ರಲ್ಲಿ ಸ್ಥಾಪಿಸಿದ ಸಂಸ್ಥೆಯದು. ಅಲ್ಲಿ ಅವರೂ ಅವರ ಸಂಗಡಿಗರೂ 2006ರಿಂದಾಚೆಗೆ, ಇಂಡಿಯಂ ಆಕ್ಸೈಡು ಮತ್ತು ಟಂಗ್‌ಸ್ಟನ್ ಆಕ್ಸೈಡಿನ ನ್ಯಾನೋತಂತಿಗಳಿಂದ ನೈಟ್ರೊಜನ್ನಿನ ಆಕ್ಸೈಡುಗಳನ್ನೂ, ಸತುವಿನ ಆಕ್ಸೈಡಿನ ತಂತಿಗಳಿಂದ ಜಲಜನಕವನ್ನೂ ಗುರುತಿಸುವ ಬಗೆಯನ್ನು ಪ್ರಕಟಿಸಿದರು. ಅಮೋನಿಯವೂ, ನಾನು ಮೇಲೆ ಹೇಳಿದ ಜಲಜನಕದ ಸಲ್ಫೈಡೂ ಅವರ ಪರೀಕ್ಷೆಗೆ ಒಳಗಾದವು. ಇತ್ತ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ಸ್ಥಾಪಿತವಾದ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಪ್ರೊಫೆಸರ್ ನವಕಾಂತ ಭಟ್ ಅವರು ಲೋಹದ ಆಕ್ಸೈಡುಗಳ ಅನಿಲಸಂವೇದಕಗಳನ್ನು ಬಹಳ ಮುಂದಕ್ಕೆ ತಂದಿದ್ದಾರೆ. 2018ರ ಇನ್ಫೋಸಿಸ್ ಬಹುಮಾನವು ಅವರಿಗೆ ಸಂದುದಕ್ಕೆ ಅದೂ ಒಂದು ಕಾರಣ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಂತಹ ತಂತಿಗಳ ನಡುವೆ ಕೆಲಸಮಾಡುತ್ತಾನೆ. ಹಬ್ಬಕ್ಕೆ ಊರಿಗೆ ಬಂದಿದ್ದಾಗ ಅವನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರವನ್ನು ನನಗೆ ತೋರಿಸಿದನು. ಕೊಯ್ಲಾದ ಗದ್ದೆಯಲ್ಲಿ ಹುಲ್ಲು ಚೆಲ್ಲಿದಂತಿತ್ತು. “ಅದೆಲ್ಲ ಸರಿಯಪ್ಪ, ನಿನ್ನ ತಂತಿ ಸುಳ್ಳು ಹೇಳುವುದಿಲ್ಲವೆಂದು ನೀನು ಹೇಗೆ ಬಲ್ಲೆ?” ಎಂದು ಕೇಳಿದೆನು. ಅವನು ನಕ್ಕು, “ಮೇಷ್ಟ್ರೇ, ನೀವು ನಮ್ಮನ್ನು ಪರೀಕ್ಷೆ ಮಾಡುತ್ತಿದ್ದ ಹಾಗೆಯೇ. ಉತ್ತರ ನಮಗೆ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಅದಕ್ಕೆ ಮತ್ತೆ ಮತ್ತೆ ಕೇಳುತ್ತೇವೆ. ಇಷ್ಟೇ ಅನಿಲವೆಂದು ಅಳೆದು ಕೊಡುತ್ತೇವೆ. ಇವತ್ತು, ನಾಳೆ, ಆರು ತಿಂಗಳ ಮೇಲೆ. ಮಳೆಗಾಲದಲ್ಲಿ ಒಂದು ಸಲ, ಬೇಸಗೆಯಲ್ಲಿ ಒಂದು ಸಲ. ಒಂದೇ ಉತ್ತರ ಬಂದರೆ ಪಾಸು” ಎಂದನು. ಅವನ ಮಾತಿನಲ್ಲಿ ವ್ಯಾಪ್ತಿಯನ್ನು ಪರೀಕ್ಷಿಸುವ ಕ್ರಮವೇ ಇತ್ತು.

ಲಕ್ಷಣವನ್ನು ಹೇಳುವುದರಲ್ಲಿ ಮೂರು ದೋಷಗಳುಂಟೆಂದು ತಾರ್ಕಿಕರು ಎಣಿಸುತ್ತಾರೆ. ಗೋವೆಂದರೆ ಕಪಿಲವರ್ಣದ್ದು ಎಂದರೆ ಕಪ್ಪು ಹಸು ಬಿಟ್ಟುಹೋಗುತ್ತದೆ, ಅದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಒಂಟಿ ಗೊರಸಿನದು ಎಂದರೆ ಯಾವ ಹಸುವಿಗೂ ಹೊಂದುವುದಿಲ್ಲ, ಅದು ಅಸಂಭವ. ಅನಿಲಸಂವೇದಕದ ಗುಣದೋಷಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ನನಗೆ ತೋರದು. ವಿಷವಿದ್ದರೂ ಸುಮ್ಮನಿರುವ ಸಂವೇದಕಕ್ಕೆ ಅವ್ಯಾಪ್ತಿದೋಷ. ಒಗ್ಗರಣೆಯ ಹೊಗೆಗೂ ಊದುಬತ್ತಿಗೂ ಮಳೆಯ ತೇವಕ್ಕೂ ಕೂಗಿಕೊಳ್ಳುವ ಸಂವೇದಕಕ್ಕೆ ಅತಿವ್ಯಾಪ್ತಿದೋಷ. ಸಿಲಿಕೋನಿನ ಆವಿ ತಗಲಿ ಮೈ ಮುಚ್ಚಿಹೋಗಿ, ದೀಪ ಮಾತ್ರ ಮಿನುಗಿಸುತ್ತ ಯಾವುದಕ್ಕೂ ಉತ್ತರ ಕೊಡದ ಸಂವೇದಕಕ್ಕೆ ಅಸಂಭವದೋಷ. ಇವುಗಳಲ್ಲಿ ಎರಡನೆಯದು ಹಾಸ್ಯಾಸ್ಪದವೆಂದು ತೋರಬಹುದು. ಆದರೆ ಪ್ರತಿದಿನವೂ ಸುಮ್ಮಸುಮ್ಮನೆ ಕೂಗುವ ಪೆಟ್ಟಿಗೆಯ ಬಾಯನ್ನು ಮನೆಯವರು ಮೂರನೆಯ ದಿನ ಮುಚ್ಚಿಬಿಡುತ್ತಾರೆ. ತೋಳ ಬಂತೆಂದು ಕೂಗಿದ ಹುಡುಗನ ಕಥೆಯನ್ನು ಯಾರು ತಾನೆ ಅರಿಯರು?

ನ್ಯಾನೋತಂತಿಯು ಮೊದಲನೆಯ ದೋಷವನ್ನು ಬಹುಮಟ್ಟಿಗೆ ಗೆದ್ದಿದೆ. ಎರಡನೆಯದನ್ನು ಅದೊಂದೇ ಗೆಲ್ಲಲಾರದು. ಸೂಕ್ಷ್ಮವಾದ ಮೈಯು ತೇವಕ್ಕೂ ಸೂಕ್ಷ್ಮವೇ. ಅದಕ್ಕಾಗಿ ತಂತಿಯ ಮೇಲೆ ಪೆಲೇಡಿಯಂ ಮುಂತಾದ ಲೋಹದ ಕಣಗಳನ್ನು ಕೂರಿಸಿ, ಜಲಜನಕದಂತಹ ಒಂದು ಅನಿಲದ ಕಡೆಗೆ ಅದರ ಒಲವನ್ನು ಹೆಚ್ಚಿಸುತ್ತಾರೆ. ಬೇರೆ ಬೇರೆ ಆಕ್ಸೈಡುಗಳ ಹಲವು ಸಂವೇದಕಗಳನ್ನು ಒಟ್ಟಿಗೆ ಕೂರಿಸಿ, ಎಲ್ಲರ ಹೇಳಿಕೆಗಳನ್ನೂ ಹೋಲಿಸಿ ನಿರ್ಣಯ ಮಾಡುವ ಕ್ರಮವೂ ಇದೆ. ಪಂಚಾಯತಿಯಲ್ಲಿ ಒಬ್ಬನ ಮಾತನ್ನೇ ನಂಬದೆ ನಾಲ್ವರನ್ನು ಕೇಳುವ ಹಾಗೆ. ತಂತಿಯನ್ನು ಹಿಡಿದಿರುವ ಲೋಹದ ಕೊಂಡಿಗಳು ಸಡಿಲವಾಗದಂತೆ ಮಾಡುವುದು, ಸಾವಿರಾರು ತಂತಿಗಳನ್ನು ಒಂದೇ ಅಳತೆಯಲ್ಲಿ ಬೆಳೆಸುವುದು, ಬೆಲೆಯನ್ನು ಇಳಿಸುವುದು, ಇವೆಲ್ಲ ಇನ್ನೂ ಕಷ್ಟದ ಕೆಲಸಗಳೇ. ಅಂಗಡಿಗಳಲ್ಲಿ ದೊರೆಯುವ ಈ ಜಾತಿಯ ಸಂವೇದಕಗಳಲ್ಲಿ ಬಹುಪಾಲು ಇಂದಿಗೂ ಹಳೆಯ ಪದರದವೇ.

ಇದೆಲ್ಲದರ ಪ್ರಯೋಜನವು ಯಾರಿಗೆ ಮೊದಲು ಸಲ್ಲಬೇಕೆಂಬ ಪ್ರಶ್ನೆ ಉಳಿಯಿತು. ನಮ್ಮ ನಗರಗಳಲ್ಲಿ ಮ್ಯಾನ್‌ಹೋಲುಗಳಿಗೂ ಮಲಗುಂಡಿಗಳಿಗೂ ಇಳಿದವರು ಉಸಿರುಕಟ್ಟಿ ಸತ್ತರೆಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದದ ವರ್ಷವಿಲ್ಲ. ಒಬ್ಬನು ಬಿದ್ದನೆಂದು ಅವನನ್ನೆತ್ತಲು ಇನ್ನೊಬ್ಬನು, ಅವನನ್ನೆತ್ತಲು ಮತ್ತೊಬ್ಬನು ಇಳಿದು, ಸಾಲಾಗಿ ಸಾಯುವುದೂ ಉಂಟು. ಇದನ್ನು ನಿಲ್ಲಿಸಲೆಂದೇ 2013ರಲ್ಲಿ ಶಾಸನವಾಯಿತು. ರಕ್ಷಣೆಯ ಉಡುಪು, ಉಪಕರಣಗಳಿಲ್ಲದೆ ಯಾರನ್ನೂ ಇಳಿಸುವುದು ಅಪರಾಧ. ಸತ್ತವರ ಮನೆಯವರಿಗೆ ಹತ್ತು ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಆಜ್ಞೆಮಾಡಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೇರಿಸಿತು. ಹಣವು ಏರಿತು, ಸಾವು ನಿಲ್ಲಲಿಲ್ಲ. ಹಗೇವಿಗೆ ಇಳಿಯುವ ಮುನ್ನ ದೀಪವನ್ನಿಳಿಸುತ್ತಿದ್ದ ಒಕ್ಕಲಿಗನು ತನ್ನ ಆಳಿನ ಪ್ರಾಣಕ್ಕೆ ಕೊಡುತ್ತಿದ್ದಷ್ಟು ಬೆಲೆಯನ್ನು, ವಿದ್ಯುದ್ದೀಪಗಳ ನಡುವೆ ಬಾಳುವ ನಾವು ಕೊಡುತ್ತಿಲ್ಲವೆಂದು ಹೇಳಲು ಸಂಕಟವಾಗುತ್ತದೆ.

ಅಂಗೈಯಗಲದ ಸಂವೇದಕವೊಂದು ಅಲ್ಲಿಗೆ ಇಳಿದು, ಮೂಗು ಮರೆತುದನ್ನು ಮರೆಯದೆ ಹೇಳುವುದಾದರೆ ಅದು ಈ ವಿದ್ಯೆಯ ಬಹು ದೊಡ್ಡ ಫಲ. ಆದರೆ ಒಂದು ಎಚ್ಚರಿಕೆಯ ಮಾತು ಬೇಕು. ಸಾಕ್ಷಿ ಸಿಕ್ಕಿತೆಂಬ ಧೈರ್ಯದಿಂದ ಮನುಷ್ಯನನ್ನು ಗುಂಡಿಗಿಳಿಸುವುದು ಧರ್ಮವಲ್ಲ. ಯಂತ್ರವು ಇಳಿಯಬಹುದಾದ ಕಡೆಗೆ ಯಂತ್ರವೇ ಇಳಿಯಲಿ. ಸಂವೇದಕವು ಮೇಲೆ ನಿಂತವನನ್ನೂ, ಮಗ್ಗುಲ ಮನೆಯಲ್ಲಿ ಮಲಗಿದವನನ್ನೂ, ರೇಷ್ಮೆಮನೆಯಲ್ಲಿ ಕೆಂಡವಿಟ್ಟು ಬಾಗಿಲು ಹಾಕಿಕೊಂಡವನನ್ನೂ ಕಾಯಲಿ. ಗಾಳಿಯ ಗುಣವನ್ನು ತಂತಿಯು ಹೇಳೀತು. ಆ ಹೇಳಿಕೆಯನ್ನು ಕೇಳಿ ನಡೆಯತಕ್ಕವರು ನಾವು. ಸಾಕ್ಷಿಯ ಸ್ಥೈರ್ಯವನ್ನು ಹೆಚ್ಚಿಸಲು ಪಂಡಿತರು ಹಗಲಿರುಳು ದುಡಿಯುತ್ತಿರುವಾಗ, ಕೇಳುವವರ ಸ್ಥೈರ್ಯವೂ ಅದಕ್ಕೆ ಸರಿಯಾಗಿ ಹೆಚ್ಚಬೇಕಾದುದು ನ್ಯಾಯವಾಗಿದೆ.